ರೇಬರ್ನನ ಕಾರಿಗೆ ಕೊರೆಯದ ತೂತು

ಬೆಳಿಗ್ಗೆ ಜೋಳದ ಗಂಜಿ ಬಾಯಿಗಿಡುವ ಹೊತ್ತಿಗೆ ಟ್ವೈಲಾ ಫೋನು ಮಾಡಿದಳು. "ಡಾಯ್ಲ್ ಮಾಮ, ಅಪ್ಪನ ಕಾರು ರೆಡಿ ಆಯ್ತು, ಬಂದು ನೋಡಿ. ಬರುವಾಗ ನಿಮ್ಮ ಬಿಳಿ ಬಣ್ಣ, ಬ್ರಷ್ಷು ತನ್ನಿ" ಅಂದಳು. ಗಂಜಿ ಅರ್ಧಕ್ಕೇ ಬಿಟ್ಟು ಎದ್ದೆ. ತಟ್ಟೆಯನ್ನು ನಾಯಿಯ ಮುಂದಿಟ್ಟೆ.

ಅವಳ ಅಪ್ಪ ರೇಬರ್ನ್ ಏಕರ್ಸ್ ನನ್ನ ಗೆಳೆಯ. ಸಾವಿರದ ಒಂಬೈನೂರ ಅರವತ್ತಾರರ ಆಗಸ್ಟಿನಲ್ಲಿ, ಒಂದು ಶನಿವಾರ, ನಮ್ಮ ಕಾಪರ್ ಗ್ಯಾಪ್ ರೇಸ್ ಮೈದಾನದ ಮೂರನೇ ತಿರುವಿನಲ್ಲಿ ಅವನ ಕಾರು ಮೂರು ಸಲ ಪಲ್ಟಿ ಹೊಡೆಯಿತು. ಚಾವಣಿ ಕುಸಿದು ತಲೆಯ ಮೇಲೆ ಕೂತಿತು, ಅಲ್ಲೇ ಪ್ರಾಣ ಹೋಯಿತು. ಆಗ ಟ್ವೈಲಾಗೆ ಆರು ವರ್ಷ. ತಾಯಿ ಕಾಲುಚೀಲದ ಗಿರಣಿಯಲ್ಲಿ ಎರಡನೇ ಪಾಳಿಗೆ ಹೋಗುತ್ತಿದ್ದಳು, ಮಗು ನಮ್ಮ ಮನೆಯಲ್ಲೇ ಬೆಳೆಯಿತು. ನನಗೂ ನನ್ನ ಹೆಂಡತಿ ನಡೀನಳಿಗೂ ಮಕ್ಕಳಿರಲಿಲ್ಲ. ಸೈಕಲ್ ಕಲಿಸಿದವನು ನಾನು, ಚರ್ಚಿನಲ್ಲಿ ಕೈ ಹಿಡಿದು ನಡೆಸಿಕೊಂಡು ಹೋಗಿ ಮದುವೆ ಮಾಡಿಕೊಟ್ಟವನೂ ನಾನೇ. ನಡೀನ್ ತೀರಿಹೋಗಿ ನಾಲ್ಕು ವರ್ಷವಾಯಿತು. ಈಗ ಭಾನುವಾರ ಮಧ್ಯಾಹ್ನ ಟ್ವೈಲಾ ಬಡಿಸುವ ಊಟ ಬಿಟ್ಟರೆ ವಾರದಲ್ಲಿ ನನಗೆ ಎದುರು ನೋಡುವಂಥದ್ದು ಏನೂ ಇಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಪಾಳು ಬಿದ್ದಿದ್ದ ಮೈದಾನದ ಗಿಡಗಂಟಿ ಕಡಿದು, ಒಂದೇ ಒಂದು ದಿನದ ಮಟ್ಟಿಗೆ ಹಳೆಯ ಕಾರುಗಳನ್ನು ಓಡಿಸುವುದೆಂದು ಊರವರು ಗೊತ್ತುಮಾಡಿದ್ದರು. ತನ್ನ ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ನಲವತ್ತೇಳು ವರ್ಷ ಟಾರ್ಪಾಲಿನಡಿ ಬಿದ್ದಿದ್ದ ಅಪ್ಪನ ಕಾರನ್ನು ಟ್ವೈಲಾ ಎಳೆದು ತಂದು ರಿಪೇರಿಗೆ ಕೂತಳು. ಇಪ್ಪತ್ತು ಸುತ್ತು ತಾನೇ ಓಡಿಸುತ್ತಾಳಂತೆ. ಅದನ್ನು ಕೇಳಿದ ದಿನದಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ.

ಯಾಕೆ ಅಂತ ಹೇಳಿಬಿಡುತ್ತೇನೆ. ವಾರವೆಲ್ಲ ಮರದ ಮಿಲ್ಲಿನಲ್ಲಿ ದುಡಿದು ಶನಿವಾರ ಸಂಜೆ ಕಾಪರ್ ಗ್ಯಾಪಿನಲ್ಲಿ ಕಾರುಗಳ ತಪಾಸಣೆ ಮಾಡುತ್ತಿದ್ದವನು ನಾನು. ಆ ಕಾಲದ ರೇಸಿನ ಕಾರೆಂದರೆ ಗುಜರಿಯಿಂದ ತಂದ ಹಳೇ ಡಬ್ಬ. ಒಳಗೆ ಕಬ್ಬಿಣದ ಪೈಪು ಬಗ್ಗಿಸಿ ಒಂದು ಪಂಜರ ಬೆಸೆದಿರಬೇಕು, ಪಲ್ಟಿಯಾದರೆ ತಲೆ ಕಾಯುವುದು ಅದೊಂದೇ. ಪೈಪು ದಪ್ಪ ಗೋಡೆಯದಾಗಿರಬೇಕು ಅಂತ ನಿಯಮ. ಮೇಲಿನಿಂದ ನೋಡಿದರೆ ದಪ್ಪದ್ದಕ್ಕೂ ಸೈಲೆನ್ಸರಿನ ತೆಳು ಕೊಳವೆಗೂ ವ್ಯತ್ಯಾಸವೇ ಕಾಣದು. ತೆಳುವಾದರೆ ಕಾರು ಹಗುರ, ಹಗುರವಾದರೆ ವೇಗ. ಅದಕ್ಕೇ ಕೈ ಡ್ರಿಲ್ಲಿನಿಂದ ಒಂದು ಸಣ್ಣ ತೂತು ಕೊರೆದು, ಕೊಕ್ಕೆ ತಂತಿ ತೂರಿಸಿ ಗೋಡೆಯ ದಪ್ಪ ಅಳೆಯಬೇಕಿತ್ತು. ಕೊರೆಯುತ್ತ ನಾನು ಡ್ರಿಲ್ಲಿನ ಹಿಡಿ ಎಷ್ಟು ಸುತ್ತು ತಿರುಗಿತೆಂದು ಎಣಿಸುತ್ತಿದ್ದೆ. ತೊಂಬತ್ತು ದಾಟಿದರೆ ದಪ್ಪ, ಐವತ್ತರೊಳಗೆ ತೂತು ಬಿದ್ದರೆ ತೆಳು, ತಂತಿಯೂ ಬೇಕಾಗುತ್ತಿರಲಿಲ್ಲ. ಪಾಸಾದ ಕಾರಿಗೆ ಪೈಪಿನ ಮೇಲೆ ಎರಡು ಬಿಳಿ ಗೀಟು.

ಓಡಿಸುವವರಿಗೆ ತೂತು ಕಂಡರಾಗದು. "ಡಾಯ್ಲ್, ನನ್ನ ಕಾರನ್ನ ಜರಡಿ ಮಾಡ್ಬಿಟ್ಟೆ ಕಣಯ್ಯ, ಹಿಟ್ಟು ಜರಡಿ ಹಿಡಿಯೋಕೆ ನನ್ ಹೆಂಡ್ತಿಗೇ ಕೊಡ್ತೀನಿ ತಗೊ" ಅಂತ ರೇಗಿಸುತ್ತಿದ್ದರು. ಬರಬರುತ್ತ ನಾನು ಒಂದು ಉಪಾಯ ಕಲಿತೆ. ಓಡಿಸುವವನ ಎಡ ಭುಜದ ಹಿಂದಿರುವ ಪಂಜರದ ಕಂಬಕ್ಕೆ ಸ್ಪ್ಯಾನರಿನಿಂದ ಒಂದು ಏಟು. ದಪ್ಪದ್ದು ಠಕ್ ಅನ್ನುತ್ತದೆ, ತೆಳ್ಳಗಿದ್ದದ್ದು ಟಣ್ ಎಂದು ಅರಚುತ್ತದೆ. ಎರಡು ಮೂರು ಸಲ ಪಂಥ ಕಟ್ಟಿ ಗೆದ್ದೆ. ಡಾಯ್ಲನ ಕಿವಿ ಅಂದರೆ ಕಿವಿ ಅಂತ ಊರೆಲ್ಲ ಮಾತಾಯಿತು, ಜಂಬ ನೆತ್ತಿಗೇರಿತು. ಅನುಮಾನ ಬಂದವರಿಗಷ್ಟೇ ಡ್ರಿಲ್ಲು ಎಂದುಕೊಂಡೆ, ಮುಂದಿನ ವರ್ಷದ ಹೊತ್ತಿಗೆ ಡ್ರಿಲ್ಲನ್ನು ಪೆಟ್ಟಿಗೆಯಿಂದ ತೆಗೆಯುವುದನ್ನೇ ಬಿಟ್ಟೆ.

ಆ ಶನಿವಾರ ರೇಬರ್ನ್ ಎಲ್ಲರಿಗಿಂತ ಕೊನೆಗೆ ಬಂದ. ಪಂಜರ ಹೊಸದು, ಅದಕ್ಕೆ ಹಳದಿ ಬಣ್ಣ.

"ಕೊರೀತೀಯೇನೋ? ಬಣ್ಣ ಇನ್ನೂ ಒಣಗಿಲ್ಲ ಕಣೋ" ಅಂದ.

"ನಿನ್ ಬಣ್ಣ ಕಟ್ಕೊಂಡು ನನಗೇನು?"

"ಹಂಗಾದ್ರೆ ಕೊರಿ. ಅಷ್ಟು ದೊಡ್ಡ ಕಿವಿ ಇಟ್ಕೊಂಡು ಡ್ರಿಲ್ಲು ಹಿಡಿದ್ರೆ ಜನ ನಗ್ತಾರೆ, ಅಷ್ಟೇ."

ಸುತ್ತ ನಿಂತವರು ಆಗಲೇ ನಗುತ್ತಿದ್ದರು. ಬಡಿದೆ. ಠಕ್ ಅಂದಿತು. ಎರಡು ಗೀಟು ಎಳೆದೆ. ನನ್ನ ಬೆನ್ನು ತಟ್ಟಿ ಹೋದ.

ಒಂದು ಗಂಟೆಯ ಮೇಲೆ ಅವನನ್ನು ಹೊರಗೆಳೆಯಲು ಹೋದವರಲ್ಲಿ ನಾನೂ ಇದ್ದೆ. ಬಲಗಡೆಯ ಕಂಬ ಒದ್ದೆ ಹುಲ್ಲಿನಂತೆ ಮಡಚಿಕೊಂಡಿತ್ತು. ದಪ್ಪ ಪೈಪು ಹಾಗೆ ಮಡಚುವುದಿಲ್ಲ. ಆ ಕ್ಷಣವೇ ನನಗೆ ಗೊತ್ತಾಯಿತು. ಎಡಗಡೆಯ ಕಂಬ ಠಕ್ ಅಂದದ್ದು ಹೇಗೆ ಅನ್ನುವುದು ಮಾತ್ರ ಅರ್ಥವಾಗಲಿಲ್ಲ. ಗೆಳೆಯನೆಂದು ನನ್ನ ಕಿವಿಯೇ ಸುಳ್ಳು ಹೇಳಿತೆಂದುಕೊಂಡೆ. ಟೈರು ಸಿಡಿದದ್ದೇ ಕಾರಣವೆಂದು ಪೇಪರಿನವರು ಬರೆದರು. ನಾನು ಬಾಯಿ ಬಿಡಲಿಲ್ಲ. ಮರುವಾರದಿಂದ ಪ್ರತಿಯೊಂದು ಕಾರನ್ನೂ ಕೊರೆದೆ, ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಅಂದರು.

ಟ್ವೈಲಾಳ ಶೆಡ್ಡಿಗೆ ಹೋದಾಗ ಅವಳು ಕೈಗೆ ಗ್ರೀಸು ಮೆತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಐವತ್ತಮೂರು ವರ್ಷದ ಹೆಂಗಸು, ಮುಖ ನೋಡಿದರೆ ಹುಟ್ಟುಹಬ್ಬದ ಮಗು. ಕಾರಿನ ಮೇಲೆ ಮೂವತ್ತೆಂಟನೇ ನಂಬರನ್ನು ಹಿಂದೆ ಇದ್ದಂತೆಯೇ ಬರೆಸಿದ್ದಳು.

"ಇಲ್ಲಿ ಬನ್ನಿ ಮಾಮ, ಇದು ನೋಡಿ." ಸೀಟಿನ ಹಿಂದೆ ಎಡಗಡೆಯ ಕಂಬದ ಮೇಲೆ ಬೆರಳಿಟ್ಟಳು. ಹಳದಿ ಮಾಸಿ ಹೋಗಿತ್ತು. ಎರಡು ಬಿಳಿ ಗೀಟು ಇನ್ನೂ ಇದ್ದವು. "ನಿಮ್ದೇ ಅಲ್ವಾ? ಧೂಳು ಒರೆಸ್ತಿದ್ದಾಗ ಸಿಕ್ತು. ಅತ್ತೇಬಿಟ್ಟೆ. ಇದರ ಪಕ್ಕದಲ್ಲಿ ಇನ್ನೆರಡು ಎಳೀರಿ, ಸಾಕು."

"ಪಂಜರ ಬದಲಾಯಿಸ್ಲಿಲ್ವಾ?"

"ಬಲಗಡೇದು ಮಡಚ್ಕೊಂಡಿತ್ತು. ಕಾಯಿಸಿ ನೆಟ್ಟಗೆ ಮಾಡಿಸ್ದೆ. ಅಪ್ಪ ಕೈಯಾರೆ ಬೆಸೆದಿದ್ದು ಮಾಮ. ಅದರೊಳಗೇ ಕೂರ್ತೀನಿ."

ಮೊದಲು ಬಾಯಿಗೆ ಬಂದದ್ದು ಹೇಡಿಯ ಮಾತೇ. "ಅಷ್ಟು ವರ್ಷದ ಪೈಪು, ಒಳಗೆಲ್ಲ ತುಕ್ಕು ಹಿಡಿದಿರತ್ತೆ ಕಣಮ್ಮ. ಕಿತ್ತು ಹೊಸದು ಹಾಕ್ಸು."

"ಆಗಲ್ಲ. ಬೇರೆ ಯಾರಾದ್ರೂ ಪಾಸ್ ಮಾಡಿದ್ರೆ ಹಾಕಿಸ್ತಿದ್ನೇನೋ. ನೀವು ನೋಡಿರೋ ಪೈಪನ್ನ ನಾನ್ಯಾಕೆ ಕೀಳಲಿ?"

ಆ ಎರಡು ಗೀಟು ನಂಬಿ ಅಪ್ಪನ ಮೇಲೆ ಕುಸಿದ ಪಂಜರದೊಳಗೆ ಮಗಳೂ ಕೂರಲು ಹೊರಟಿದ್ದಳು. ಹೇಳಿದರೆ ಇವಳು ನನಗೆ ಇಲ್ಲ, ಹೇಳದಿದ್ದರೆ ಇವಳೇ ಇರಲಿಕ್ಕಿಲ್ಲ. ಕೈಯಲ್ಲಿದ್ದ ನನ್ನ ಹಳೇ ತಪಾಸಣೆಯ ಪೆಟ್ಟಿಗೆಯನ್ನು ಕೆಳಗಿಟ್ಟೆ.

"ನಾನು ನೋಡ್ಲಿಲ್ಲ ಟ್ವೈಲಾ" ಅಂದೆ. "ಬಡಿದು ಬಿಟ್ಟೆ. ಕೊರೀಲಿಲ್ಲ. ಇದು ತೆಳು ಪೈಪು. ಅವತ್ತು ಬಲಗಡೆ ಕಂಬ ನೋಡಿದಾಗಲೇ ಗೊತ್ತಾಯ್ತು. ನಿಮ್ಮಮ್ಮಂಗೂ ಹೇಳ್ಲಿಲ್ಲ, ನಡೀನ್‌ಗೂ ಹೇಳ್ಲಿಲ್ಲ."

ಅವಳು ಚಿಂದಿ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡಳು. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬಗ್ಗಿ ನನ್ನ ಪೆಟ್ಟಿಗೆಯ ಮುಚ್ಚಳ ತೆಗೆದು, ಬಣ್ಣದ ಡಬ್ಬಿ ಪಕ್ಕಕ್ಕೆ ಸರಿಸಿ, ಅಡಿಯಲ್ಲಿದ್ದ ಕೈ ಡ್ರಿಲ್ಲನ್ನು ಹೊರತೆಗೆದಳು.

"ಕೊರೀರಿ. ಈ ಗೀಟಿನ ಹತ್ರಾನೇ."

ಎಪ್ಪತ್ತಾರರ ಕೈಯಲ್ಲಿ ಡ್ರಿಲ್ಲು ಊರಿದೆ. ತಿರುಗಿಸುತ್ತ ಹಳೆಯ ಚಾಳಿಯಂತೆ ಎಣಿಸತೊಡಗಿದೆ. ನಲವತ್ತೊಂದಕ್ಕೆ ಡ್ರಿಲ್ಲು ಒಳಗೆ ಜಾರಿತು. ಹೊರಗೆಳೆದೆ. ಅದರ ಹಿಂದೆಯೇ ತೂತಿನಿಂದ ಸಣ್ಣಗೆ ಮರಳು ಸುರಿಯಿತು. ಹೊಳೆಯ ಮರಳು, ಒಣ ಮರಳು. ಸೀಟಿನ ಮೇಲೆ ಬಿದ್ದು ಒಂದು ಪುಟ್ಟ ಗುಡ್ಡೆಯಾಯಿತು.

ಆಮೇಲೆ ನಾನು ಸ್ಪ್ಯಾನರ್ ತೆಗೆದುಕೊಂಡು ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ಬಡಿಯುತ್ತ ಬಂದೆ. ಟಣ್, ಟಣ್, ಟಣ್. ಮರಳಿನ್ನೂ ಉಳಿದಿದ್ದ ಕಡೆ, ತೂತಿನ ಕೆಳಗೆ ನಾಲ್ಕು ಬೆರಳಷ್ಟು ಜಾಗದಲ್ಲಿ ಮಾತ್ರ ಠಕ್. ನಾನು ಎಲ್ಲಿ ಬಡಿಯುತ್ತೇನೆಂದು ಅವನಿಗೆ ಗೊತ್ತಿತ್ತು. ಮೇಲೆ ಕೆಳಗೆ ಮರದ ಬಿರಡೆ ಜಡಿದು, ನಡುವೆ ಅಷ್ಟೇ ಅಷ್ಟು ಮರಳು ತುಂಬಿ, ಆಮೇಲೆ ಕಂಬವನ್ನು ಬೆಸೆದಿರಬೇಕು. ಅದು ಬರೀ ನನ್ನ ಕಿವಿಗಾಗಿ ಮಾಡಿದ್ದು.

"ಅಪ್ಪ ನಿಮಗೆ ಟೋಪಿ ಹಾಕಿದ್ರು" ಅಂದಳು ಟ್ವೈಲಾ, ಪಿಸುದನಿಯಲ್ಲಿ.

ಸುಳ್ಳು ಹೇಳಿ ಪ್ರಯೋಜನವಿಲ್ಲ, ಆ ಗಳಿಗೆ ನನಗೆ ಸಂತೋಷವಾಯಿತು. ನಲವತ್ತೇಳು ವರ್ಷದ ಹೊರೆ ಧೊಪ್ಪನೆ ಇಳಿದಂತಾಯಿತು. ನನ್ನ ಕಿವಿ ಸುಳ್ಳು ಹೇಳಿರಲಿಲ್ಲ, ತಪ್ಪು ಅವನದು. ಪ್ರಾಣಕ್ಕೆ ಪ್ರಾಣವಾಗಿದ್ದ ಗೆಳೆಯನ ಮೇಲೆ ತಪ್ಪು ಹೊರಿಸಿ ನಾನು ಅಷ್ಟು ಹಗುರವಾದೆ.

ಅಷ್ಟರಲ್ಲಿ ಅವಳು ಕೇಳಿದಳು. "ಎಷ್ಟು ಎಣಿಸಿದ್ರಿ?"

"ನಲವತ್ತೊಂದು."

"ಅವತ್ತೂ ಅಷ್ಟೇ ಆಗ್ತಿತ್ತಾ?"

"ಅಷ್ಟೇ."

"ಕೊರೆದಿದ್ರೆ ಇದೇ ಮರಳು ಅವತ್ತೇ ಬೀಳ್ತಿತ್ತು. ಅಪ್ಪನ್ನ ಬೈದು ಮನೆಗೆ ಕಳಿಸ್ತಿದ್ರಿ."

ನಾನು ಹೂಂ ಅಂದೆ. ಅವಳು ಬಣ್ಣದ ಡಬ್ಬಿ, ಡ್ರಿಲ್ಲು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ನನ್ನ ಕೈಗೆ ಕೊಟ್ಟಳು. "ಈ ಭಾನುವಾರ ಬರಬೇಡಿ ಮಾಮ. ಯಾವಾಗ ಬರ್ಬೇಕು ಅಂತ ನಾನೇ ಫೋನ್ ಮಾಡ್ತೀನಿ."

ಎರಡು ಭಾನುವಾರ ಡಬ್ಬಿಯ ಬೀನ್ಸು ಬಿಸಿಮಾಡಿಕೊಂಡು ತಿಂದೆ. ರೇಸಿನ ದಿನ ಯಾರೂ ಕರೆಯದಿದ್ದರೂ ಹೋಗಿ, ಮೈದಾನದ ಗೇಟಿನಲ್ಲಿ ಡ್ರಿಲ್ಲು ಹಿಡಿದು ನಿಂತೆ. ಬಂದ ಕಾರನ್ನೆಲ್ಲ ಕೊರೆದೆ. "ಏನಜ್ಜ, ಇದು ಬರೀ ಮೆರವಣಿಗೆ, ನಿಂದೊಂದು ಗೋಳು" ಅಂತ ಗೊಣಗಿದರು, ಆದರೂ ಕೊರೆಸಿಕೊಂಡರು. ಹನ್ನೆರಡನೆಯದು ಮೂವತ್ತೆಂಟನೇ ನಂಬರು. ಪಂಜರ ಪೂರಾ ಹೊಸದು, ಬಣ್ಣವನ್ನೂ ಬಳಿದಿರಲಿಲ್ಲ. ಟ್ವೈಲಾ ಹೆಲ್ಮೆಟ್ಟಿನೊಳಗಿಂದ ನೇರ ಮುಂದೆ ನೋಡುತ್ತಿದ್ದಳು.

"ಕೊರೀರಿ" ಅಂದಳು.

ಅವಳ ಎಡ ಭುಜದ ಹಿಂದೆ ಡ್ರಿಲ್ಲು ಊರಿ ತಿರುಗಿಸತೊಡಗಿದೆ. ನಲವತ್ತೊಂದು ಬಂದಾಗ ನನ್ನ ಕೈ ತಾನಾಗಿಯೇ ನಿಂತಿತು. "ಯಾಕೆ ನಿಲ್ಲಿಸಿದ್ರಿ? ನಲವತ್ತೆರಡು" ಅಂದಳು ಅವಳು, ನನ್ನ ಕಡೆ ತಿರುಗದೆ. ಅಲ್ಲಿಂದ ಮುಂದೆ ಅವಳೇ ಎಣಿಸಿದಳು, ನಾನು ತಿರುಗಿಸಿದೆ. ತೊಂಬತ್ತಾರಕ್ಕೆ ತೂತು ಬಿತ್ತು. ಎರಡು ಗೀಟು ಎಳೆದೆ, ಅವಳು ಹೊರಟುಹೋದಳು. ಇಪ್ಪತ್ತು ಸುತ್ತನ್ನೂ ಗೇಟಿನಲ್ಲೇ ನಿಂತು ಎಣಿಸಿದೆ. ಫೋನು ಇನ್ನೂ ಬಂದಿಲ್ಲ.