ಕಸಿಗಾರನ ಎದೆಗೆ ಬಂದ ಹೊಸ ರೋಗಾಣು

ಅಕ್ಕ-ತಮ್ಮ ಸೇರಿ ಒಂದು ಗಿಡಗಳ ನರ್ಸರಿ ನಡೆಸುತ್ತಿದ್ದರು. ಗುಲಾಬಿಗೆ ಕಸಿ ಕಟ್ಟುವುದರಲ್ಲಿ ತಮ್ಮನನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಹುಟ್ಟಿನಿಂದಲೇ ಅವನಿಗೆ ಸಿಸ್ಟಿಕ್ ಫೈಬ್ರೋಸಿಸ್. ಶ್ವಾಸಕೋಶದಲ್ಲಿ ಕಫ ಅಂಟಿನಂತೆ ಕಟ್ಟಿಕೊಳ್ಳುವ ಕಾಯಿಲೆ. ಬೆಳಗಾದರೆ ಅಕ್ಕ ಅವನನ್ನು ಬೋರಲು ಮಲಗಿಸಿ, ಬೆನ್ನು ತಟ್ಟಿ ಕಫ ಸಡಿಲಿಸುತ್ತಿದ್ದಳು. ಆಮೇಲೆಯೇ ಇಬ್ಬರೂ ನರ್ಸರಿಯ ಬಾಗಿಲು ತೆಗೆಯುತ್ತಿದ್ದುದು. ಎದೆಯ ಸೋಂಕು ಆಗಾಗ ಬರುತ್ತಿತ್ತು; ಮಾಮೂಲಿ ಔಷಧಿ ಬಿದ್ದರೆ ಬಾಲ ಮುದುರಿಕೊಂಡು ಹೋಗುತ್ತಿತ್ತು.

ಈ ಸಲ ಹೋಗಲಿಲ್ಲ. ಗೊಬ್ಬರದ ಚೀಲ ಎತ್ತಿದರೆ ಏದುಸಿರು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕಫವನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಇದು ಹಳೇ ರೋಗಾಣು ಅಲ್ಲ. ಈ ಕಾಯಿಲೆ ಇರೋರಲ್ಲಿ ಈಗೀಗ ಕಾಣಿಸ್ಕೊಳ್ತಾ ಇದೆ. ಹಸಿ ಮಣ್ಣು, ನಿಂತ ನೀರು ಇದರ ತವರುಮನೆ."

"ಅಂದ್ರೆ ನಾನು ದಿನಾ ಅದರ ತವರಲ್ಲೇ ಕೂತಿರ್ತೀನಿ," ಎಂದ ತಮ್ಮ.

ಅಕ್ಕನಿಗೆ ನಗು ಬರಲಿಲ್ಲ. "ಔಷಧಿ ಇದೆಯಾ ಮೇಡಂ?"

"ಒಂದಕ್ಕೆ ಬಗ್ಗಲ್ಲ. ಎರಡನ್ನ ಒಟ್ಟಿಗೆ ಡ್ರಿಪ್‌ನಲ್ಲಿ ಕೊಡ್ತೀವಿ. ಪೂರ್ತಿ ಹೋಗದೇ ಇದ್ರೂ ಹದ್ದುಬಸ್ತಲ್ಲಿ ಇಡಬಹುದು. ಆದ್ರೆ ಮಣ್ಣಿನ ಕೆಲಸ ಇನ್ನು ಬೇಡ."

ತಮ್ಮ ಆಸ್ಪತ್ರೆಗೆ ಸೇರಿದ. ಔಷಧಿಗೆ ಬಾಯಿರುಚಿ ಕೆಟ್ಟಿತು, ಹೊಟ್ಟೆ ತೊಳಸಿತು. ಅದನ್ನೆಲ್ಲ ಸಹಿಸಿದ. ಕೈಗೆ ಕೆಲಸವಿಲ್ಲದ್ದನ್ನು ಮಾತ್ರ ಅವನಿಗೆ ತಡೆಯಲಾಗಲಿಲ್ಲ.

"ಕಸಿ ಬಿಟ್ಟು ನಾನೇನು ಮಾಡ್ಲಿ ಅಕ್ಕ?"

"ಬಾಯಿ ಇದೆಯಲ್ಲ, ಗಿರಾಕಿಗಳ ಹತ್ರ ಮಾತಾಡು. ಕಸಿ ನಾನು ಕಟ್ತೀನಿ."

"ನೀನು ಕಟ್ಟಿದ್ದು ಚಿಗುರಿದ್ದನ್ನ ನಾನಿನ್ನೂ ನೋಡಿಲ್ಲ."

"ಹಾಗಾದ್ರೆ ಕಲಿಸು."

ಮಂಚದ ಮೇಲೆಯೇ ಪಾಠ ಶುರುವಾಯಿತು. ಕಸಿಯ ಕಡ್ಡಿ ಎಂದುಕೊಂಡು ಅಕ್ಕ ಪೆನ್ಸಿಲ್ಲಿಗೆ ಟೇಪು ಸುತ್ತುವುದು, ಅವನು "ಬಿಗಿ ಸಾಲದು" ಎಂದು ಬಿಚ್ಚುವುದು. ನರ್ಸಮ್ಮನೂ ಒಮ್ಮೆ ಸುತ್ತಿ ನೋಡಿ ಬೈಸಿಕೊಂಡಳು.

ಉಸಿರು ಊದಿಸುವ ಪರೀಕ್ಷೆಯಲ್ಲಿ ಅಂಕಿ ಏರುತ್ತ ಬಂತು. ರೋಗಾಣು ಪೂರ್ತಿ ತೊಲಗಿರಲಿಲ್ಲ, ಮೆತ್ತಗಾಗಿತ್ತು. ಮೂಗು-ಬಾಯಿಯಿಂದ ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟು ಡಾಕ್ಟರಮ್ಮ ಅವನನ್ನು ಮನೆಗೆ ಕಳಿಸಿದರು.

ರಸ್ತೆ ಬದಿಯ ಒಣ ಕೋಣೆಯನ್ನು ಅಕ್ಕ ಅಂಗಡಿ ಮಾಡಿಕೊಟ್ಟಳು. ಗಾಜಿನ ಕಿಟಕಿಯಾಚೆ ಗಿಡಗಳು, ಈಚೆ ತಮ್ಮ. ಮನೆಗೆ ಎಷ್ಟು ಬಿಸಿಲು ಬೀಳುತ್ತದೆಂದು ವಿಚಾರಿಸದೆ ಅವನು ಯಾರಿಗೂ ಗುಲಾಬಿ ಕೊಡುತ್ತಿರಲಿಲ್ಲ. ಕೆಲವರು ಮುಖ ಸಿಂಡರಿಸಿಕೊಂಡು ಹೋದರು. ಅವನ ಮಾತು ನಿಜವೆಂದು ಕಂಡ ಮೇಲೆ, ಹೋದವರೇ ನೆಂಟರನ್ನು ಕರೆದುಕೊಂಡು ಬಂದರು.

ಅಕ್ಕ ಕಟ್ಟಿದ ಮೊದಲ ಕಸಿಗಳು ಒಣಗಿದವು. ಮುಂದಿನವು ಹಿಡಿದವು. ಕೆಂಪು ಚಿಗುರೊಡೆದ ಗಿಡವೊಂದನ್ನು ಅವಳು ಗಾಜಿನ ಹೊರಗೆ ಎತ್ತಿ ಹಿಡಿದಳು.

"ಇನ್ನೂ ಸ್ವಲ್ಪ ಕೆಳಗೆ ಕಟ್ಟಬೇಕಿತ್ತು," ಎಂದು ಒಳಗಿನಿಂದಲೇ ತಮ್ಮ ಗಟ್ಟಿಯಾಗಿ ಕೂಗಿದ. ಅಷ್ಟು ಕೂಗಿದರೂ ಕೆಮ್ಮು ಬರಲಿಲ್ಲ.