ನೀರು ಕುಡಿಯದ ಬಟ್ಟೆ

ಮಗಳು ತುವಾಳ ಹೆಸರನ್ನು ಹೆಂಡತಿ ಸಿಗ್ರಿಡ್ ಆರಿಸಿದಳು. ತೊಟ್ಟಿಲನ್ನು ಅತ್ತೆ ಆರಿಸಿದರು. ತಳ್ಳುಗಾಡಿಯನ್ನು ನನ್ನಣ್ಣ ಆರಿಸಿದ್ದೂ ಅಲ್ಲದೆ ಅದರ ಬ್ರೇಕಿನ ಬಗ್ಗೆ ಅರ್ಧ ಗಂಟೆ ಪಾಠ ಮಾಡಿ ಹೋದ. ಅಪ್ಪನಾದ ನನ್ನ ಪಾಲಿಗೆ ಉಳಿದದ್ದು ಮಗುವಿನ ಸೊಂಟದಿಂದ ಕೆಳಗಿನ ಪ್ರಾಂತ್ಯ. ಅದನ್ನಾದರೂ ಚೆನ್ನಾಗಿ ಆಳಬೇಕೆಂದು ಹಠ ತೊಟ್ಟೆ.

ಅಂಗಡಿಯ ಡೈಪರ್ ಹಾಕಿದರೆ ತುವಾಳ ಚರ್ಮ ಕೆಂಪಾಗುತ್ತಿತ್ತು. ಬಟ್ಟೆಯದೇ ಆಗಲಿ ಎಂದೆ. ಸಿಗ್ರಿಡ್‌ಳ ಅಕ್ಕ ತನ್ನ ಮಕ್ಕಳು ಬಳಸಿ ಬಿಟ್ಟ ಒಂದು ಮೂಟೆ ಕಳಿಸಿದಳು. ಗುಂಡಿ ಒತ್ತಿ ಹಾಕುವ ಜೇಬಿನಂಥವು, ದಾರದಲ್ಲಿ ಸೊಂಟಕ್ಕೆ ಕಟ್ಟುವ ಹೆಣೆದ ಲಂಗೋಟಗಳು, ಚೌಕವಾಗಿ ಮಡಚುವ ದಪ್ಪ ಹತ್ತಿಯವು. ಮಗುವಿನಷ್ಟೇ ತೂಕದ ಆಲೂಗಡ್ಡೆ ಚೀಲವನ್ನು ಊಟದ ಮೇಜಿನ ಮೇಲೆ ಮಲಗಿಸಿ ಒಂದೊಂದನ್ನೂ ಉಡಿಸಿ ನೋಡಿದೆ. ಆಲೂಗಡ್ಡೆ ತಕರಾರು ಮಾಡಲಿಲ್ಲ. ಕೊನೆಗೆ ಮಡಚುವ ಹತ್ತಿ ಗೆದ್ದಿತು. ಬಿಡಿಸಿ ಹರವಿದರೆ ಬೇಗ ಒಣಗುತ್ತದೆ, ಮೇಲೊಂದು ಉಣ್ಣೆಯ ಚಡ್ಡಿ ತೊಡಿಸಿದರೆ ಮುಗಿಯಿತು. ಐದು ತಿಂಗಳು ನನ್ನ ಆಡಳಿತ ಸುಸೂತ್ರವಾಗಿ ನಡೆಯಿತು.

ಆರನೆಯ ತಿಂಗಳಲ್ಲಿ ಅಣೆಕಟ್ಟು ಒಡೆಯಿತು. ತುವಾ ಮಲಗೆದ್ದಾಗಲೆಲ್ಲ ಚಡ್ಡಿ ಒದ್ದೆ, ಹಾಸಿಗೆ ಒದ್ದೆ, ಒಮ್ಮೆ ಅತ್ತೆಯ ಮಡಿಲೂ ಒದ್ದೆ. ಎರಡು ಪದರ ಹಾಕಿದೆ, ಮೂರು ಹಾಕಿದೆ. ಮಗು ಕಪ್ಪೆಯಂತೆ ಕಾಲಗಲಿಸಿ ಮಲಗಿತು, ಸೋರುವುದು ಮಾತ್ರ ನಿಲ್ಲಲಿಲ್ಲ. ನನ್ನ ಒಣ ಜಂಬಕ್ಕೆ ಅಷ್ಟು ನೀರು ಸಾಕಾಗಿತ್ತು.

ಸೋಮವಾರದಿಂದ ಸಿಗ್ರಿಡ್ ಕೆಲಸಕ್ಕೆ ಹೊರಡುವವಳು. ಮುಂದಿನ ಒಂಬತ್ತು ತಿಂಗಳು ರಜೆ ಹಾಕಿ ಮನೆಯಲ್ಲಿರುವ ಸರದಿ ನನ್ನದು. ಅವಳು ಜಗಳವಾಡಲಿಲ್ಲ. ಭಾನುವಾರದ ಮಧ್ಯಾಹ್ನದ ನಿದ್ದೆಯವರೆಗೆ ಕಾಯುತ್ತೇನೆ, ಆಗಲೂ ಸೋರಿದರೆ ಮೂಟೆ ಅಕ್ಕನಿಗೆ ವಾಪಸ್ಸು, ಬೇರೆ ಕಂಪನಿಯ ಅಂಗಡಿ ಡೈಪರ್ ಹುಡುಕೋಣ ಎಂದಳು. ಆ ಶಾಂತ ದನಿ ಕೇಳಿ ನನಗೆ ಜಗಳವೇ ವಾಸಿಯಿತ್ತು ಅನಿಸಿತು.

ಬಟ್ಟೆಗೆ ಏನಾಗಿದೆ ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಒಗೆದು ಒಣಗಿದ್ದ ಡೈಪರೊಂದನ್ನು ಮೇಜಿನ ಮೇಲೆ ಹರಡಿ ಚಮಚದಿಂದ ಒಂದು ಹನಿ ನೀರು ಬಿಟ್ಟೆ. ಹನಿ ಇಳಿಯಲಿಲ್ಲ. ಗುಂಡಗೆ, ಹೊಳೆಯುತ್ತ, ಬಟ್ಟೆಯ ನಡುವೆ ಕುಳಿತೇ ಇತ್ತು. ಪಕ್ಕದಲ್ಲಿ ಅಡುಗೆಮನೆಯ ಟವೆಲ್ ಇಟ್ಟು ಅದಕ್ಕೂ ಒಂದು ಹನಿ ಬಿಟ್ಟೆ. ಗುಟುಕ್ಕನೆ ಕುಡಿಯಿತು. ಅಂದರೆ ಡೈಪರ್ ತುಂಬಿ ಸೋರುತ್ತಿರಲಿಲ್ಲ, ಕುಡಿಯಲು ಒಪ್ಪದೆ ಸೋರುತ್ತಿತ್ತು.

ಇಂಟರ್ನೆಟ್ಟು ಒಬ್ಬ ಅಪರಾಧಿಯನ್ನು ತೋರಿಸಿತು. ಬಟ್ಟೆ ಮೆತ್ತಗಾಗಲೆಂದು ಕೊನೆಯ ನೀರಿಗೆ ಹಾಕುವ ಪರಿಮಳದ ದ್ರವ. ಅದು ನೂಲಿನ ಮೇಲೆ ಪದರ ಕಟ್ಟುತ್ತದಂತೆ. ನಾವು ಹಾಕುವುದಿಲ್ಲ. ಆದರೆ ನಮ್ಮ ಕಟ್ಟಡದ ಹದಿನೆಂಟು ಮನೆಗಳಿಗೂ ನೆಲಮಾಳಿಗೆಯ ಬಟ್ಟೆ ಒಗೆಯುವ ಯಂತ್ರಗಳೇ ಗತಿ, ಒಬ್ಬರು ಹಾಕಿದ್ದು ಒಳಗೇ ಉಳಿದು ಮುಂದಿನವರ ಬಟ್ಟೆಗೂ ಹತ್ತೀತು. ಬುಧವಾರ ನನ್ನ ಸರದಿಗೆ ಮುಂಚಿನ ಸರದಿ ಎರಡನೇ ಮಹಡಿಯ ಗುನ್ವೋರ್ ಅವರದು. ಎಪ್ಪತ್ತೆಂಟರ ಒಂಟಿ ಹೆಂಗಸು. ಅವರು ಒಗೆದು ಹೋದ ಮೇಲೆ ಮೆಟ್ಟಿಲುಗಳೆಲ್ಲ ಲೈಲ್ಯಾಕ್ ಹೂವಿನಂತೆ ಘಮಘಮಿಸುತ್ತವೆ.

ಇಂಥ ಹೊತ್ತಿನಲ್ಲಿ ಬಾಗಿಲು ತಟ್ಟಿ ಕೇಳುವುದು ನಮ್ಮಲ್ಲಿ ಅಸಭ್ಯತೆ. ಚೀಟಿ ಅಂಟಿಸುವುದೇ ಸಭ್ಯತೆ. ಆ ದ್ರವ ಹಾಕಬೇಡಿ ಎಂದು ನಾನೂ ಬರೆದು ಯಂತ್ರದ ಮೇಲೆ ಅಂಟಿಸಿದೆ, ಮೂರು ಪ್ಯಾರಾ. ಸರ್ಕಾರಿ ಸುತ್ತೋಲೆಯ ದನಿಯಲ್ಲಿ ಆರಂಭಿಸಿ, ಮಕ್ಕಳ ಆರೋಗ್ಯ ಕೇಂದ್ರದ ನರ್ಸಿನ ಮೃದು ಎಚ್ಚರಿಕೆಗೆ ತಿರುಗಿ, ‘ಯಾರೆಂದು ಹೇಳಬೇಕಾಗಿಲ್ಲ’ ಎಂಬ, ಅತ್ತೆಯ ಧಾಟಿಯ ವಾಕ್ಯದಲ್ಲಿ ಮುಗಿಸಿದೆ. ಹೆಸರು ಹಾಕಲಿಲ್ಲ, ಯಾರೂ ಹಾಕುವುದಿಲ್ಲ. ಮರುದಿನ ಯಾರೋ ಕೆಂಪು ಪೆನ್ನಿನಲ್ಲಿ ನನ್ನ ಅಲ್ಪವಿರಾಮಗಳನ್ನು ತಿದ್ದಿದ್ದರು. ಇನ್ನೊಬ್ಬರು ಅಡಿಯಲ್ಲಿ, ಡೈಪರ್ ಒಗೆದ ಯಂತ್ರದಲ್ಲಿ ತಮ್ಮ ದಿಂಬಿನ ಚೀಲವನ್ನೂ ಒಗೆಯಬೇಕೇ ಎಂದು ಕೇಳಿದ್ದರು. ಮೆಟ್ಟಿಲ ಮೇಲೆ ಎದುರಾದವರು ತುವಾಳಿಗೆ ನಗು ಕೊಟ್ಟು ನನಗೆ ಬೆನ್ನು ಕೊಟ್ಟರು.

ಶನಿವಾರ ಬೆಳಿಗ್ಗೆ ನನ್ನ ವಾರದ ಎರಡನೇ ಸರದಿ. ತುವಾಳನ್ನು ಎದೆಗೆ ಕಟ್ಟಿಕೊಂಡು, ಬುಟ್ಟಿ ಹೊತ್ತು ಇಳಿದರೆ ಗುನ್ವೋರ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ನನ್ನ ಚೀಟಿ.

“ಇದು ನಿಂದೇ ತಾನೆ?”

ಹೆಸರಿಲ್ಲವಲ್ಲ ಎಂದು ಗೊಣಗಿದೆ.

“ಇಲ್ಲಿ ಮಿಕ್ಕೋರೆಲ್ಲ ಎರಡು ಸಾಲಲ್ಲಿ ಬೈತಾರೆ ಕಣಪ್ಪ. ಮೂರು ಪ್ಯಾರಾ ಬೈಯೋಷ್ಟು ಓದಿರೋನು ನೀನೊಬ್ಬನೇ.”

ಆ ಪರಿಮಳ ತಮ್ಮ ಸೋಪಿನ ಪುಡಿಯದು, ಮೆತ್ತಗಾಗಿಸುವ ದ್ರವವನ್ನು ತಾವು ಈ ಜನ್ಮದಲ್ಲಿ ಕೊಂಡಿಲ್ಲ ಎಂದರು. ನಂಬುವುದೋ ಬಿಡುವುದೋ ನನಗೆ ತಿಳಿಯಲಿಲ್ಲ. ಅವರು ಅದಕ್ಕೆ ಕಾಯಲೂ ಇಲ್ಲ, ಒಂದು ಡೈಪರ್ ಕೇಳಿದರು. ನಾರ್ಶೋಪಿಂಗ್ ಊರಿನ ಬಟ್ಟೆ ಗಿರಣಿಗಳು ಮುಚ್ಚುವವರೆಗೂ ಮಗ್ಗದ ಮುಂದೆ ದುಡಿದವರು. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಅಂಚಿನಿಂದ ಅಂಚಿಗೆ ತಡವುತ್ತ ಹೋದರು. ನಡುವೆ ಬಂದಾಗ ಬೆರಳು ನಿಂತಿತು.

ನಲ್ಲಿಯ ನೀರಿಗೆ ಬೆರಳು ಹಿಡಿದು ಬಟ್ಟೆಯ ಮೂಲೆಯ ಮೇಲೆ ಒಂದು ಹನಿ ಚಿಮುಕಿಸಿದರು. ಮೂಲೆ ಕುಡಿಯಿತು. ಇನ್ನೊಂದು ಹನಿ ನಡುವೆ. ಅದು ಗುಂಡಗೆ ಕೂತಿತು. ನಾನು ಬಗ್ಗಿ ನೋಡಿದೆ, ಎದೆಯ ಮೇಲಿನ ತುವಾ ಕೂಡ ಬಗ್ಗಿ ನೋಡಿದಳು. ಮನೆಯಲ್ಲಿ ನಾನು ಬಿಟ್ಟದ್ದೂ ನಡುವೆಯೇ. ಮೂಲೆಗೆ ಬಿಡುವುದು ಹೊಳೆದಿರಲಿಲ್ಲ.

“ಮೆಷಿನ್ನಿನ ತಪ್ಪಾಗಿದ್ರೆ ಮೂಲೇನೂ ಕುಡೀಬಾರದಾಗಿತ್ತು, ಅಲ್ವಾ? ನಡುವೆ ಮಾತ್ರ ಏನು ತಾಗುತ್ತೆ, ಯೋಚನೆ ಮಾಡು.”

ನಡುವೆ ತಾಗುವುದು ತುವಾ. ತುವಾಳಿಗೆ ತಾಗುವುದು ಜಿಂಕ್ ಮುಲಾಮು. ಗಟ್ಟಿ ಊಟ ಶುರುವಾದ ಮೇಲೆ ಚರ್ಮ ಮತ್ತೆ ಸ್ವಲ್ಪ ಕೆಂಪಾಗಿ, ತೆಳ್ಳಗೆ ಹಚ್ಚಿ ಎಂದು ನರ್ಸ್ ಕೊಟ್ಟದ್ದು. ಎಷ್ಟು ಹಚ್ಚುತ್ತೀಯ ಎಂದು ಗುನ್ವೋರ್ ಕೇಳಿದರು. ಬಾಯಿಂದ ಹೇಳಲು ನಾಚಿಕೆಯಾಗಿ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದೆ.

“ಬ್ರೆಡ್ಡಿಗೆ ಬೆಣ್ಣೆ ಸವರೋದಾದ್ರೆ ನಿನ್ನಂಥ ಉದಾರಿ ಇಲ್ಲ ಬಿಡು,” ಎಂದರು.

ಮುಲಾಮಿನ ಜಿಡ್ಡು ಬಟ್ಟೆಗೆ ಹತ್ತಿ ನೀರನ್ನು ತಡೆಯುತ್ತಿತ್ತು. ಜಿಡ್ಡಿಗೆ ಪಾತ್ರೆ ತೊಳೆಯುವ ಸೋಪೇ ಸರಿಯಂತೆ. ಮನೆಗೆ ಓಡಿ ಬಾಟಲಿ ತಂದೆ. ಅವರು ಕಲ್ಲುತೊಟ್ಟಿಗೆ ಬಿಸಿನೀರು ಬಿಟ್ಟು ಅಂಗಿಯ ತೋಳು ಮಡಚಿದರು. ಇಪ್ಪತ್ತೆರಡು ಡೈಪರ್, ಪ್ರತಿಯೊಂದರ ನಡುಭಾಗ, ಇಬ್ಬರೂ ಎದುರುಬದುರು ನಿಂತು ಉಜ್ಜಿದೆವು. ತಮ್ಮ ಮೂರು ಮಕ್ಕಳ ಕಾಲದಲ್ಲಿ ದೊಡ್ಡ ಹಂಡೆಯಲ್ಲಿ ಕುದಿಸುತ್ತಿದ್ದುದನ್ನು ಹೇಳಿದರು. ಆಗ ಸೋರುತ್ತಿರಲಿಲ್ಲವೇ ಎಂದು ಕೇಳಿದೆ. ಸೋರುತ್ತಿತ್ತು, ಯಾರೂ ಚೀಟಿ ಅಂಟಿಸುತ್ತಿರಲಿಲ್ಲ ಎಂದರು. ಸೋಪಿನ ನೊರೆ ಹೋಗುವವರೆಗೆ ಜಾಲಿಸಿ, ಯಂತ್ರಕ್ಕೆ ತುಂಬಿ ತೊಂಬತ್ತು ಡಿಗ್ರಿ ಬಿಸಿನೀರಿಗೆ ಹಾಕಿದೆ.

ಯಂತ್ರ ತಿರುಗುತ್ತಿರುವಾಗಲೇ ಹೊಸ ಚೀಟಿ ಬರೆದೆ. ಯಂತ್ರ ಚೆನ್ನಾಗಿದೆ, ಗುನ್ವೋರ್ ಅವರ ಮೇಲೆ ಅನುಮಾನಪಟ್ಟದ್ದಕ್ಕೆ ಕ್ಷಮಿಸಿ, ತಪ್ಪು ನನ್ನ ಮುಲಾಮಿನದು. ಕೆಳಗೆ ಹೆಸರು ಹಾಕಿದೆ, ಟೂರೆ, ಮೂರನೇ ಮಹಡಿ. ಗುನ್ವೋರ್ ಓದಿ, ತಮ್ಮ ಹೆಸರನ್ನು ತಾವೇ ಪೆನ್ನಿನಿಂದ ಹೊಡೆದುಹಾಕಿ, ಅಂಟಿಸು ಎಂದರು.

ಭಾನುವಾರ ಊಟವಾದ ಮೇಲೆ ತುವಾಳಿಗೆ ಒಂದೇ ಪದರ ಉಡಿಸಿದೆ. ಮುಲಾಮು ತೆಳ್ಳಗೆ, ಅದು ಡೈಪರಿಗೆ ತಾಗದಂತೆ ನಡುವೆ ಒಂದು ತೆಳು ಹಾಸುಬಟ್ಟೆ. ಅವಳು ಮಲಗಿದಳು. ಸಿಗ್ರಿಡ್ ಪುಸ್ತಕ ಹಿಡಿದು ತೊಟ್ಟಿಲ ಪಕ್ಕ ಕೂತಳು, ಒಂದು ಪುಟವನ್ನೂ ತಿರುಗಿಸಲಿಲ್ಲ. ನಾನು ಅಡುಗೆಮನೆಯಲ್ಲಿ ಕಾಫಿ ಮಾಡಿ ಕುಡಿಯಲು ಮರೆತೆ. ಒಂದು ಗಂಟೆ ನಲವತ್ತು ನಿಮಿಷವಾದ ಮೇಲೆ ಮಗು ಮುಲುಗುಟ್ಟಿತು.

ನಾನು ಬಾಗಿಲಲ್ಲೇ ನಿಂತೆ. ಸಿಗ್ರಿಡ್ ಅವಳನ್ನು ಎತ್ತಿಕೊಂಡು ಹಾಸಿಗೆ ಮುಟ್ಟಿದಳು. ಉಣ್ಣೆಯ ಚಡ್ಡಿಯ ಹಿಂಭಾಗ, ತೊಡೆಯ ಸುತ್ತು, ಎಲ್ಲ ಕಡೆ ಅಂಗೈಯಿಟ್ಟು ನೋಡಿದಳು. ಮಗುವನ್ನು ಮೇಜಿನ ಮೇಲೆ ಮಲಗಿಸಿ, ಡೈಪರ್ ಬಿಚ್ಚಿ, ಎರಡು ಬೆರಳಲ್ಲಿ ಎತ್ತಿ ತೂಗಿದಳು. ನೀರು ಕುಡಿದು ಅದು ಹೊಟ್ಟೆ ತುಂಬಿದ ಬೆಕ್ಕಿನ ಮರಿಯಂತೆ ಜೋತಿತ್ತು.

“ಇಷ್ಟೂ ಒಳಗೇ ಇತ್ತಾ?” ಎಂದಳು.

“ಒಳಗೇ.”

ಅವಳು ಅದನ್ನು ಬಕೆಟ್ಟಿಗೆ ಹಾಕಿ, ರಾಶಿಯಿಂದ ಒಣಗಿದ್ದೊಂದನ್ನು ತೆಗೆದು ನನ್ನ ಮುಂದೆ ಹಿಡಿದಳು. ಆರು ತಿಂಗಳಲ್ಲಿ ಅವಳು ಹೀಗೆ ಕೇಳಿದ್ದು ಅದೇ ಮೊದಲು.

“ಹೇಗೆ ಮಡಚ್ತೀಯ, ತೋರಿಸು. ನಿಧಾನಕ್ಕೆ ಮಾಡು, ಕಣ್ಣಿಗೆ ಕಾಣೋ ಹಾಗೆ.”

ಅವಳು ಪಕ್ಕದಲ್ಲಿ ಹಾಗೆ ನೋಡುತ್ತಿದ್ದರೆ ಕೈ ಎಲ್ಲಿ ಓಡಬೇಕು? ಎರಡು ಸಲ ತಪ್ಪಾಗಿ ಮಡಚಿದೆ. ತುವಾ ಕಾಲು ಬಡಿಯುತ್ತ, ಬೆತ್ತಲಾಗಿ, ಕಾದಳು.