ಕೈ ಕಟ್ಟಿ ಕೂತ ಅಜ್ಜಿ

ಹೋಳೂರಿನ ಗಂಗರತ್ನಮ್ಮನ ಕಣ್ಣು ಬಲು ಚುರುಕು. ರೇಷ್ಮೆ ಹುಳು ತಲೆ ಎತ್ತಿದ್ದು ಹಸಿವಿಗೋ ಪೊರೆ ಬಿಡುವ ಜ್ವರಕ್ಕೋ ಎಂದು ತಟ್ಟೆ ನೋಡುತ್ತಲೇ ಹೇಳಿಬಿಡುವ ಹೆಂಗಸು. ಬಾಯಿಲ್ಲದ ಹುಳುವನ್ನೇ ಸಾಕಿದವಳಿಗೆ ಮೊಮ್ಮಗಳು ಚಂದನಳ ಮನಸ್ಸು ತಿಳಿಯುವುದು ಯಾವ ಮಹಾ? ಮಗು ಬಿಂದಿಗೆಯ ಕಡೆ ನೋಡಿದರೆ ಸಾಕು, ಲೋಟ ಬಾಯಿಗೆ ಬಂದಿರುತ್ತಿತ್ತು.

ಆದರೆ ಮಗುವಿಗೆ ಮೂರು ತುಂಬಿದರೂ 'ಅಮ್ಮ' ಬಿಟ್ಟು ಇನ್ನೊಂದು ಮಾತಿಲ್ಲ. ಅಂಗನವಾಡಿಯಲ್ಲಿ ಮಕ್ಕಳು 'ಮೂಗಿ' ಎಂದು ರೇಗಿಸಿದ ದಿನ ಸೊಸೆ ಅನಿತ ಅತ್ತುಬಿಟ್ಟಳು. ಸಂಜೆ ಟೀಚರ್ ಸುನಂದ ಮನೆಗೇ ಬಂದರು.

“ಅನಿತ, ಪಾಪೂನ ಕೋಲಾರದ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗು. ಮೊದ್ಲು ಕಿವಿ ನೋಡಿಸ್ಬೇಕು.”

“ಕಿವಿಗೇನಾಗಿದೆ ಟೀಚರ್? ಪಾತ್ರೆ ಬಿದ್ರೆ ತಿರುಗಿ ನೋಡ್ತದೆ,” ಎಂದಳು ಗಂಗರತ್ನಮ್ಮ. “ಇವಳಪ್ಪನೂ ಮಾತಾಡಿದ್ದು ಲೇಟೇ. ದಿನಾ ನಾಲಿಗೆಗೆ ಬಜೆ ತೇಯ್ದು ಹಚ್ತಿದ್ದೀನಿ. ತಾನಾಗೇ ಬರ್ತದೆ.”

“ಪಾತ್ರೆ ಸದ್ದು ಕೇಳಿದ ಮಾತ್ರಕ್ಕೆ ಮಾತೂ ಸರಿಯಾಗಿ ಕೇಳುತ್ತೆ ಅಂತಿಲ್ಲ, ಗಂಗರತ್ನಮ್ಮನೋರೇ. ಬಜೆ ಬಿಡಿ. ಸುಮ್ನೆ ಕಾದ್ರೆ ಕಲಿಯೋ ವಯಸ್ಸು ದಾಟಿ ಹೋಗುತ್ತೆ.”

ಅತ್ತೆ ಮುಖ ಊದಿಸಿಕೊಂಡೇ ಸೊಸೆಯ ಜೊತೆ ಬಸ್ಸು ಹತ್ತಿದಳು. ಪರೀಕ್ಷೆಯಲ್ಲಿ ಕಿವಿ ಚೆನ್ನಾಗಿದೆ ಎಂದಾಯಿತು. ಮಾತು ಕಲಿಸುವ ಡಾಕ್ಟರಮ್ಮ ಎಲ್ಲ ಕೇಳಿಕೊಂಡರು.

“ಮನೇಲಿ ತೆಲುಗು, ಕನ್ನಡ ಎರಡೂ ಆಡ್ತೀವಿ. ಅದಕ್ಕೇ ಹಿಂಗಾಯ್ತಾ ಮೇಡಂ?” ಎಂದಳು ಅನಿತ.

“ಇಲ್ಲಮ್ಮ, ಎರಡೂ ಆಡಿ. ಇದು ಯಾರ ತಪ್ಪೂ ಅಲ್ಲ. ಹದಿನೈದು ದಿನಕ್ಕೊಂದ್ಸಲ ಇಲ್ಲಿಗೆ ಬನ್ನಿ. ಮಾಡೋ ಕೆಲಸ ತೋರಿಸ್ತಾ ಮಗು ಹತ್ರ ಮಾತಾಡಿ. ಏನಾದ್ರೂ ಬೇಕು ಅನ್ನೋ ಹಾಗೆ ನೋಡಿದ್ರೆ ಮನಸ್ಸಲ್ಲೇ ಹತ್ತು ಎಣಿಸಿ. ಸಣ್ಣ ಸದ್ದು ಮಾಡಿದ್ರೂ, ಕೈ ತೋರಿಸಿದ್ರೂ ಸಾಕು, ಹೆಸರು ಹೇಳಿ ಕೊಟ್ಬಿಡಿ. ಹತ್ತಾದ್ರೂ ಏನೂ ಮಾಡ್ದಿದ್ರೆ ಹಾಗೇ ಹೆಸರು ಹೇಳಿ ಕೊಡಿ, ಅಳಿಸ್ಬೇಡಿ.”

ಅನಿತಳನ್ನು ಮೆಚ್ಚಲೇಬೇಕು. ಹಿಪ್ಪುನೇರಳೆ ಸೊಪ್ಪು ಹೊತ್ತು ಬೆನ್ನು ಬಿದ್ದುಹೋಗುತ್ತಿದ್ದರೂ “ಸೊಪ್ಪು ತಂದ್ವಿ, ಸೊಪ್ಪು ಹಾಕಿದ್ವಿ, ಹುಳ ತಿಂತು” ಎಂದು ದಿನಕ್ಕೆ ನೂರು ಸಲ ಹೇಳಿದಳು. ಐದು ತಿಂಗಳು ಒಂದು ದಿನವೂ ಬೇಸರಪಟ್ಟುಕೊಳ್ಳಲಿಲ್ಲ. ನಿಜವಾದ ಕಷ್ಟ ಅಜ್ಜಿಯದು. ಮಗು ನೋಡಿದರೆ ಸಾಕು, ಕೈ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಪಾಪ, ಸೆರಗಿನೊಳಗೆ ಕೈ ಕಟ್ಟಿಕೊಂಡು ಕೂರುತ್ತಿದ್ದಳು.

ಒಂದು ಬೆಳಗ್ಗೆ ಹುಳುಮನೆಯಲ್ಲಿ ಹುಳುಗಳೆಲ್ಲ ತಲೆ ಎತ್ತಿದ್ದವು. ಚಂದನ ತಟ್ಟೆ ನೋಡಿದಳು, ಮೂಲೆಯ ಸೊಪ್ಪಿನ ಬುಟ್ಟಿ ನೋಡಿದಳು. ಅಜ್ಜಿ ಕೈ ಕಟ್ಟಿದಳು. ಒಂದು, ಎರಡು, ಮೂರು... ಏಳಕ್ಕೆ ಮಗು ಅಜ್ಜಿಯ ಸೆರಗು ಜಗ್ಗಿತು.

“ಅಜ್ಜಿ... ಹುಲ... ತೊಪ್ಪು.”

“ಅನಿತಾ, ಬಾರೇ ಇಲ್ಲಿ! ಹುಳಕ್ಕೆ ಹಸಿವು ಅಂತ ನನ್ ಕಂದ ಕೇಳ್ತಾ ಇದೆ ಕಣೇ!” ಗಂಗರತ್ನಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಚಂದನ ಕಲಿಯುವುದು ಇನ್ನೂ ಬಹಳಷ್ಟಿದೆ. ಮುಂದಿನ ಸಲ ಆಸ್ಪತ್ರೆಗೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದವಳು ಅಜ್ಜಿಯೇ.

ನಿಮ್ಮ ಮನೆಯ ಮಗುವಿಗೆ ಒಂದೂವರೆ ವರ್ಷವಾದರೂ ಒಂದು ಮಾತೂ ಬಂದಿಲ್ಲವೇ? ಎರಡು ತುಂಬಿದರೂ ಎರಡು ಮಾತು ಜೋಡಿಸುತ್ತಿಲ್ಲವೇ? ಕರೆದರೆ ತಿರುಗುತ್ತಿಲ್ಲವೇ? ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ, ಈ ವಾರವೇ ಆಸ್ಪತ್ರೆಗೆ ಹೋಗಿ. ಅದಕ್ಕೆ ತಡ ಬೇಡ. ಮಗುವಿನ ಬಾಯಿಂದ ಬರುವ ಮಾತಿಗೆ ಮಾತ್ರ, ಗಂಗರತ್ನಮ್ಮನ ಹಾಗೆ ಕೈ ಕಟ್ಟಿ, ಹತ್ತು ಎಣಿಸಿ ಕಾಯಿರಿ.